ಮಾಲೀಕರ ಒಪ್ಪಿಗೆ ಅಗತ್ಯವಿಲ್ಲ

ಸೇನಾ ವಸತಿ ಕಚೇರಿಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ನನ್ನ ಅಕ್ಕನ ನಾಯಿಯನ್ನು ಯಾರು ಸಾಕಬೇಕು ಎಂಬ ವಿಷಯದಲ್ಲಿ ಅಕ್ಕನ ಒಪ್ಪಿಗೆ ಇನ್ನು ಮುಂದೆ ಅಗತ್ಯವಿಲ್ಲ ಎಂದು ತಮ್ಮ ಕಚೇರಿ ಮುದ್ರೆ ಒತ್ತಿ ಕೊಟ್ಟಿದೆ. ಯಾಕೆ ಅಗತ್ಯವಿಲ್ಲ? ಈ ಒಂದೇ ಪ್ರಶ್ನೆ ಹಿಡಿದು ಹನ್ನೊಂದು ದಿನಗಳಲ್ಲಿ ಆರು ಸಲ ತಮ್ಮ ಮೆಟ್ಟಿಲು ಹತ್ತಿದ್ದೇನೆ. ಒಂದು ಸಲ ತಾವು ಸಭೆಯಲ್ಲಿದ್ದಿರಿ, ಎರಡು ಸಲ ಪ್ರವಾಸದಲ್ಲಿದ್ದಿರಿ, ಮೂರು ಸಲ ‘ಈಗಷ್ಟೇ ಹೊರಗೆ ಹೋದರು’. ನನ್ನ ಅಕ್ಕ ಎಲ್ಲಿದ್ದಾಳೆ ಎಂಬುದು ಸೇನಾ ರಹಸ್ಯ, ಒಪ್ಪಿದೆ. ತಾವು ಎಲ್ಲಿದ್ದೀರಿ ಎಂಬುದೂ ರಹಸ್ಯವೇ? ಕಿಟಕಿಯಲ್ಲಿ ಬಗ್ಗಿ ಕೇಳಿದ್ದಕ್ಕೆ ಉತ್ತರ ಸಿಗಲಿಲ್ಲವಾದ್ದರಿಂದ, ಊರೆಲ್ಲ ಓದುವ ಜಾಗದಲ್ಲಿ ನೆಟ್ಟಗೆ ನಿಂತು ಕೇಳುತ್ತಿದ್ದೇನೆ.

ತಮ್ಮ ಕಡತದಲ್ಲಿ ಇರುವುದು ನಾಯಿ ಮಾತ್ರ. ಹಾಗಾಗಿ ನಾಯಿಯಿಂದಲೇ ಶುರು ಮಾಡುತ್ತೇನೆ. ಅಕ್ಕ ಸೇನೆಯಲ್ಲಿ ಲಾರಿ ಮೆಕ್ಯಾನಿಕ್. ಏಳು ವರ್ಷದ ಹಿಂದೆ, ಕೆಟ್ಟು ನಿಂತ ಲಾರಿಯೊಂದರ ಕೆಳಗೆ ಎಣ್ಣೆ ಒರೆಸಿದ ಚಿಂದಿ ಬಿದ್ದಿದೆ ಎಂದುಕೊಂಡು ಕೈ ಹಾಕಿದಳಂತೆ. ಚಿಂದಿ ಕೈ ನೆಕ್ಕಿತು. ಅದಕ್ಕೆ ಗ್ರೀಸು ಎಂದು ಹೆಸರಾಯಿತು. ಈಗ ಅದಕ್ಕೆ ಮೂತಿ ನರೆತಿದೆ, ಎಡಗಿವಿ ಸೋರುತ್ತದೆ, ಗುಡುಗಿದರೆ ಮಂಚದ ಕೆಳಗೆ ಸೇರುತ್ತದೆ. ಅಕ್ಕನಿಗೆ ಹಂಚಿಕೆಯಾದ ಎರಡು ಕೋಣೆಯ ಮಹಡಿ ಮನೆಯಲ್ಲಿ ಅಮ್ಮ, ನಾನು, ಅದು ವಾಸವಾಗಿದ್ದೇವೆ.

ನಿಯೋಜನೆಯ ಆದೇಶ ಬಂದಾಗ ಹೊರಡಲು ಅಕ್ಕನಿಗೆ ಸಿಕ್ಕಿದ್ದು ಎರಡು ದಿನ. ಅದರಲ್ಲಿ ಒಂದು ಇಡೀ ದಿನವನ್ನು ತಮ್ಮ ಮೂರನೇ ಕಿಟಕಿ ತಿಂದಿತು. ವಸತಿಯಲ್ಲಿ ಪ್ರಾಣಿ ಬಿಟ್ಟು ಹೋಗುವವರು ಪಾಲಕರ ಹೆಸರು ನೋಂದಾಯಿಸದೆ ಹೊರಡುವಂತಿಲ್ಲ ಎಂಬುದು ತಮ್ಮ ನಿಯಮ. ವಯಸ್ಸಾದ ತಾಯಿಯನ್ನು ಬಿಟ್ಟು ಹೋಗುವವರಿಗೆ ಅಂಥ ನಿಯಮವಿಲ್ಲ. ಪಾಲಕ ಎಂದು ನನ್ನ ಹೆಸರು ಬರೆಸಿದಳು. ಮನೆಗೆ ಬಂದು, ಬಿಡಿಭಾಗಗಳ ಪಟ್ಟಿಯೊಂದರ ಹಿಂಬದಿಯಲ್ಲಿ ಕಿವಿಯ ಔಷಧದಿಂದ ಹಿಡಿದು ಉಗುರಿನವರೆಗೆ ಹದಿನಾಲ್ಕು ಸೂಚನೆ ಬರೆದು ಗೋಡೆಗೆ ಅಂಟಿಸಿದಳು.

“ಲೋ, ಇದರ ಮುಂದೆ ನಿನ್ನ ಪ್ರೆಸ್ಸಿನ ಕರಪತ್ರ ಓದ್ಬೇಡ. ಪಾಪ, ಊಟ ಬಿಟ್ಟುಬಿಡುತ್ತೆ” ಎಂದಳು.

ನಾನು ಬಿಡಲಿಲ್ಲ. “ನೀನು ಹೋಗ್ತಿರೋ ಯುದ್ಧ ಯಾರದ್ದು ಅಂತ ಒಂದು ಸಲನಾದ್ರೂ ಕೇಳಿದ್ಯಾ ಅಕ್ಕ?”

“ದಾರೀಲಿ ಲಾರಿ ಕೆಟ್ಟಾಗ ಇದು ಯಾರ ಲಾರಿ ಅಂತ ಕೇಳ್ತಾ ಕೂತ್ರೆ ಒಳಗಿರೋರು ಸಾಯ್ತಾರೆ ಕಣೋ. ಮೊದಲು ಲಾರಿ ಎಬ್ಬಿಸ್ತೀನಿ. ಆಮೇಲೆ ಬಂದು ನಿನ್ನ ಜೊತೆ ಜಗಳ ಆಡ್ತೀನಿ.”

ಆ ಜಗಳ ಬಾಕಿ ಇದೆ, ಮಾನ್ಯರೇ. ಅದಕ್ಕೇ ಈ ಪತ್ರ.

ತಮ್ಮ ಕಚೇರಿಯ ಪದ್ಧತಿ ಓದುಗರಿಗೆ ಗೊತ್ತಿರಲಾರದು. ತಿಂಗಳ ಮೊದಲ ಸೋಮವಾರ ನಾವು ಪಾಲಕರು ಪ್ರಾಣಿಗಳನ್ನು ಕರೆದುಕೊಂಡು ಬಂದು ಹಾಜರಿ ಹಾಕಿಸಬೇಕು. ಗುಮಾಸ್ತರು ಕಿಟಕಿಯಿಂದ ಕತ್ತು ಚಾಚಿ ನೋಡಿ, ನಾಯಿ ನಾಯಿಯೇ ಹೌದೆಂದು ಖಾತ್ರಿ ಮಾಡಿಕೊಂಡು ಬಿಳಿ ಕಾರ್ಡಿನ ಮೇಲೆ ‘ಹಾಜರು’ ಎಂದು ಒತ್ತುತ್ತಾರೆ. ಆಮೇಲೆ ಅದಕ್ಕೆ ಒಂದು ಪುಟ್ಟ ಚೀಟಿಯನ್ನು ಪಿನ್ನು ಹೊಡೆದು ಸೇರಿಸುತ್ತಾರೆ. ‘ಪಾಲಕರು ಮುಂದುವರಿಯಲು ಮಾಲೀಕರ ಒಪ್ಪಿಗೆ ಇದೆ’ ಎಂದು ಅಚ್ಚಾದ ಆ ಚೀಟಿ ಹಾಜರಿಗೆ ಮೊದಲೇ ಸಾಮಾನು ಸಾಗಿಸುವ ಲಾರಿಗಳ ಜೊತೆ ಶಿಬಿರಕ್ಕೆ ಹೋಗಿ, ಸೈನಿಕರ ಸಹಿ ಬಿದ್ದು ವಾಪಸು ಬಂದಿರುತ್ತದೆ. ಮೊದಲ ವಾರದಲ್ಲೇ ಫೋನು ನಿಂತುಹೋಯಿತು. ಐದು ತಿಂಗಳಲ್ಲಿ ಬಂದದ್ದು ಎರಡು ಕಾಗದ. ಎರಡನೆಯದರಲ್ಲಿ ‘ಅಮ್ಮನಿಗೆ’ ಮತ್ತು ‘ನಿನ್ನ ಅಕ್ಕ’ ಎಂಬ ಮಾತುಗಳನ್ನು ಬಿಟ್ಟು ಉಳಿದದ್ದಕ್ಕೆಲ್ಲ ಮಸಿ ಬಳಿದಿತ್ತು. ಆದರೆ ಚೀಟಿ ಮಾತ್ರ ತಪ್ಪದೆ ಬರುತ್ತಿತ್ತು. ತಾವು ನಾಯಿಗಾಗಿ ಮಾಡಿದ ವ್ಯವಸ್ಥೆಯಿಂದ ಒಬ್ಬ ತಾಯಿ ಉಸಿರಾಡುತ್ತಿದ್ದಳು. ಇದು ತಮ್ಮ ಉದ್ದೇಶವಾಗಿರಲಿಲ್ಲ ಎಂದು ಗೊತ್ತು. ತಪ್ಪಿಗೆ ಕ್ಷಮೆ ಇರಲಿ.

ಅಮ್ಮ ಆಸ್ಪತ್ರೆಯ ಬಟ್ಟೆಮನೆಯಲ್ಲಿ ಹಾಸಿಗೆ ಬಟ್ಟೆಗಳಿಗೆ ಇಸ್ತ್ರಿ ಮಾಡುತ್ತಾಳೆ. ಹಾಜರಿಯ ಸೋಮವಾರ ಅರ್ಧ ದಿನ ರಜೆ ಹಾಕಿ, ಇದ್ದದ್ದರಲ್ಲಿ ಒಳ್ಳೆಯದನ್ನು ಉಟ್ಟು ಬರುತ್ತಿದ್ದಳು.

“ಏನಮ್ಮಾ, ನಾಯಿಗಿಂತ ಮೊದಲು ನೀವೇ ಹಾಜರು” ಎಂದು ಗುಮಾಸ್ತರು ನಗುತ್ತಿದ್ದರು.

“ನಾಯಿ ನೆಪ ಕಣಪ್ಪಾ. ಚೀಟಿ ಕೊಡು” ಎನ್ನುತ್ತಿದ್ದಳು.

ನಾಲ್ಕು ತಿಂಗಳು ಹೀಗೆ ನಡೆಯಿತು. ಐದನೆಯ ಸೋಮವಾರ ಅಮ್ಮನಿಗೆ ರಜೆ ಸಿಗಲಿಲ್ಲ. ಆಸ್ಪತ್ರೆಗೆ ಇದ್ದಕ್ಕಿದ್ದಂತೆ ಬಟ್ಟೆ ಹೆಚ್ಚಾಗಿದೆ ಎಂದು ಮೇಲ್ವಿಚಾರಕರು ಯಾರನ್ನೂ ಬಿಡಲಿಲ್ಲವಂತೆ. ನಾನೊಬ್ಬನೇ ಗ್ರೀಸನ್ನು ಕರೆದುಕೊಂಡು ಬಂದೆ. ಗುಮಾಸ್ತರು ನಗಲಿಲ್ಲ. ನಾಯಿಯತ್ತ ನೋಡಲೂ ಇಲ್ಲ. ಪಿನ್ನು ಹೊಡೆದ ಚೀಟಿಯಲ್ಲಿ ಸಹಿ ಇರಬೇಕಾದ ಜಾಗದಲ್ಲಿ ನೇರಳೆ ಮುದ್ರೆ: ‘ಮಾಲೀಕರ ಒಪ್ಪಿಗೆ ಅಗತ್ಯವಿಲ್ಲ’. ಅದರ ಜೊತೆಗೆ ಒಂದು ನೀಲಿ ನಮೂನೆ.

“ಇದೇನು ಸಾರ್?”

“ಮಾಲೀಕತ್ವ ನಿಮ್ಮ ಹೆಸರಿಗೆ ಮಾಡ್ಕೊಳ್ಳೋ ಅರ್ಜಿ. ಹದಿನೈದು ದಿನದಲ್ಲಿ ಸಹಿ ಹಾಕಿ ಕೊಡಿ. ಇಲ್ದಿದ್ರೆ ವ್ಯಾನು ಬಂದು ಕರ್ಕೊಂಡು ಹೋಗುತ್ತೆ.”

“ಅಕ್ಕನ ನಾಯಿ ಸಾರ್ ಇದು. ಅವಳನ್ನ ಕೇಳಬೇಡ್ವಾ?”

“ಮೇಲಿಂದ ಬಂದಿದೆ. ನನ್ನನ್ನ ಏನೂ ಕೇಳ್ಬೇಡಿ, ತಮ್ಮಾ.” ಹೀಗೆ ಹೇಳುತ್ತ ಮುಂದಿದ್ದ ದಾಖಲೆ ಪುಸ್ತಕದ ಮೇಲೆ ಅಂಗೈ ಇಟ್ಟು ಮುಚ್ಚಿದರು. ನಾನು ಪುಸ್ತಕದತ್ತ ನೋಡಿಯೇ ಇರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ.

ತಮ್ಮಾ ಎಂದು ಅವರು ಅದಕ್ಕೆ ಮೊದಲು ಯಾವತ್ತೂ ಕರೆದಿರಲಿಲ್ಲ.

ಸಾಲಿನಲ್ಲಿ ನನ್ನ ಹಿಂದೆ ಗಿಳಿಯ ಪಂಜರ ಹಿಡಿದ ಹೆಂಗಸೊಬ್ಬರಿದ್ದರು, ಬುಟ್ಟಿಯಲ್ಲಿ ಬೆಕ್ಕು ತಂದಿದ್ದ ಮುದುಕರೊಬ್ಬರಿದ್ದರು. ಅವರಿಗೂ ಅದೇ ಮುದ್ರೆ, ಅದೇ ನೀಲಿ ನಮೂನೆ. ಹೊರಗೆ ಬೆಂಚಿನ ಮೇಲೆ ಕುಳಿತು ಮೂರೂ ಕಾರ್ಡುಗಳನ್ನು ಪಕ್ಕಪಕ್ಕ ಇಟ್ಟು ನೋಡಿದೆವು. ಗಿಳಿ ಮುದ್ರೆ ಬಿದ್ದ ಚೀಟಿಯ ಮೂಲೆ ಕಚ್ಚಿತು. ಆ ಹೆಂಗಸು ಅದನ್ನು ತಡೆಯಲಿಲ್ಲ. ಮೂರು ಕಾರ್ಡಿನ ಮೇಲೂ ತುಕಡಿಯ ಸಂಖ್ಯೆ ಒಂದೇ ಇತ್ತು.

ನಮ್ಮ ಕೆಳಮನೆಯಲ್ಲಿ ಸೇನೆಯಿಂದ ನಿವೃತ್ತರಾದ ತಾತ ಒಬ್ಬರಿದ್ದಾರೆ. ಮೂವತ್ತು ವರ್ಷ ಬಂದೂಕು ಹಿಡಿದವರು, ಎಲ್ಲದಕ್ಕೂ ಒಂದು ತಮಾಷೆ ಸಿದ್ಧ ಇಟ್ಟುಕೊಂಡಿರುವವರು. ನೀಲಿ ನಮೂನೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಓದಿದರು, ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡು ಓದಿದರು.

“ನಿಮ್ಮಮ್ಮ ನೋಡಿದಾಳಾ ಇದನ್ನ?”

“ಇಲ್ಲ ತಾತ.”

“ತೋರಿಸ್ಬೇಡ” ಎಂದರು. ತಮಾಷೆ ಮಾಡಲಿಲ್ಲ. ಅದರ ಅರ್ಥವೇನೆಂದು ಕೇಳಿದೆ. “ನಮ್ಮ ಕಾಲದಲ್ಲಿ ಮನೆ ಬಾಗಿಲಿಗೆ ಇಬ್ಬರು ಬರೋರಪ್ಪ. ಟೋಪಿ ತೆಗೆದು ನಿಂತ್ಕೊಳ್ಳೋರು. ಇದು ನನಗೆ ಗೊತ್ತಿಲ್ಲ” ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಮಾನ್ಯರೇ, ನಮ್ಮ ಬಾಗಿಲಿಗೆ ಯಾರೂ ಬಂದಿಲ್ಲ. ಪತ್ರಿಕೆಗಳು ಗಡಿ ಶಾಂತವಾಗಿದೆ ಎನ್ನುತ್ತಿವೆ. ವಾರಕ್ಕೆರಡು ಸಲ, ಅದೇ ಮಾತಿನಲ್ಲಿ. ಹಾಗಾದರೆ ತರ್ಕ ಮಾಡೋಣ. ಅಕ್ಕ ಕ್ಷೇಮವಾಗಿದ್ದರೆ ಸಹಿ ಹಾಕಲು ಅವಳಿಗೆ ಏನು ಕಷ್ಟ? ಕೈಗೆ ಪೆಟ್ಟಾಗಿದ್ದರೆ ಹೆಬ್ಬೆಟ್ಟು ಒತ್ತಿಸಬಹುದಿತ್ತು. ಬೇರೆ ತುಕಡಿಗೆ ಹೋಗಿದ್ದರೆ ಚೀಟಿ ಅಲ್ಲಿಗೆ ಹೋಗಬೇಕಿತ್ತು. ಓಡಿಹೋಗಿದ್ದರೆ ಪೊಲೀಸರು ಇಷ್ಟು ಹೊತ್ತಿಗೆ ನಮ್ಮ ಮಂಚ ಮಗುಚಿ ನೋಡಿರುತ್ತಿದ್ದರು. ಇವೆಲ್ಲ ಅಲ್ಲದಿದ್ದರೆ ಉಳಿಯುವುದು ಯಾವುದು? ನಾಯಿಯ ಇಲಾಖೆಗೆ ಮುಟ್ಟಿದ ಸುದ್ದಿ ತಾಯಿಗೆ ಮುಟ್ಟದಂತೆ ಅಡ್ಡ ನಿಂತಿರುವುದು ಯಾವ ಕಡತ? ಸತ್ಯವನ್ನು ಬಚ್ಚಿಡಬೇಕೆಂದರೆ ಪೂರ್ತಿ ಬಚ್ಚಿಡಬೇಕಿತ್ತು. ತಲೆಯನ್ನು ಮುಚ್ಚಿ ಬಾಲವನ್ನು ಹೊರಗೆ ಬಿಟ್ಟಿದ್ದೀರಿ. ನಾವು ಹಿಡಿದಿರುವುದು ಆ ಬಾಲವನ್ನು.

ಇನ್ನೊಂದು ಮಾತು. ಇದನ್ನು ಬರೆದ ಮೇಲೆ ನನ್ನ ಕೆಲಸ ಉಳಿಯುವುದಿಲ್ಲ, ಆದರೂ ಬರೆಯುತ್ತೇನೆ. ನಾನು ಮುದ್ರಣಾಲಯದಲ್ಲಿ ಕಾಗದ ಮಡಚಿ ಕಟ್ಟು ಕಟ್ಟುವವನು. ಸರ್ಕಾರವೆಂದರೆ ನಾವೇ, ಪ್ರಶ್ನಿಸುವುದು ನಮ್ಮ ಹಕ್ಕು ಎಂದೆಲ್ಲ ನಾನು ಕಲಿತದ್ದು ಅಲ್ಲಿ ಮಡಚಿದ ಕರಪತ್ರಗಳಿಂದ. ತಮ್ಮ ನಮೂನೆಗಳೂ ಅಲ್ಲೇ ಅಚ್ಚಾಗುತ್ತವೆ. ನೀಲಿ ನಮೂನೆ ವರ್ಷಕ್ಕೆ ನೂರು ಹಾಕಿದರೆ ಹೆಚ್ಚು. ಹಾಜರಿಗೆ ಮೂರು ವಾರ ಮೊದಲು ತಮ್ಮ ಕಚೇರಿಯಿಂದ ಬಂದ ಬೇಡಿಕೆ ಎರಡು ಸಾವಿರ. ಎರಡು ಸಾವಿರ ನಾಯಿ, ಬೆಕ್ಕು, ಗಿಳಿ, ಮೊಲ. ನಾನೇ ಮಡಚಿದೆ, ನಾನೇ ದಾರ ಬಿಗಿದೆ. ಕರಪತ್ರಗಳ ಸಾಲುಸಾಲನ್ನೂ ಓದುವವನು ಆ ನೀಲಿ ಹಾಳೆಯನ್ನು ಓದಲಿಲ್ಲ. ಸರ್ಕಾರಿ ನಮೂನೆಯಲ್ಲಿ ಓದುವುದೇನಿದೆ ಎಂದುಕೊಂಡೆ. ಅಕ್ಕನ ಪಾಲಿನ ಹಾಳೆಯೂ ನನ್ನ ಕೈಯಲ್ಲೇ ದಾಟಿ ಹೋಗಿರಬೇಕು. ಆ ಮೂರು ವಾರದಲ್ಲಿ ಗಡಿ ಶಾಂತವಾಗಿತ್ತು, ಅಲ್ಲವೇ?

ಒಂದು ಅಪರಾಧವನ್ನೂ ಒಪ್ಪಿಕೊಳ್ಳುತ್ತೇನೆ. ಆ ಸೋಮವಾರ ಅಮ್ಮ ಕೆಲಸ ಮುಗಿಸಿ ಬರುವ ಮೊದಲು, ಮುದ್ರೆ ಬಿದ್ದ ಚೀಟಿಯನ್ನು ಕಿತ್ತು, ಮುದ್ರಣಾಲಯದಲ್ಲಿ ಮಿಕ್ಕಿದ್ದ ಅಂಥದೇ ಚೀಟಿಯ ಮೇಲೆ ಅಕ್ಕನ ಸಹಿಯನ್ನು ನಾನೇ ಹಾಕಿ ಪಿನ್ನು ಹೊಡೆದೆ. ಸರ್ಕಾರಿ ದಾಖಲೆಯ ನಕಲು. ಶಿಕ್ಷೆ ಎಷ್ಟೆಂದು ತಮಗೆ ಗೊತ್ತಿರುತ್ತದೆ. ಸಹಿ ಚೆನ್ನಾಗಿಯೇ ಬಂದಿತ್ತು. ಅಮ್ಮ ಬಂದು ಕೈಕಾಲು ತೊಳೆದು ಕಾರ್ಡು ಇಸಿದುಕೊಂಡಳು. ಸಹಿಯನ್ನು ನೋಡಲೇ ಇಲ್ಲ. ಚೀಟಿಯನ್ನು ತಿರುವಿ, ಹಿಂಬದಿಯ ಮೇಲೆ ಹೆಬ್ಬೆರಳು ಆಡಿಸಿದಳು. ಒಂದು ಸಲ, ಎರಡು ಸಲ, ಮೂರು ಸಲ.

“ಅವಳು ಪೆನ್ನನ್ನ ನಟ್ಟು ಬಿಗಿಯೋ ಪಾನಾ ಹಿಡಿದ ಹಾಗೆ ಒತ್ತಿ ಬರೀತಾಳೆ. ಹಿಂದೆ ಉಬ್ಬು ಸಿಗುತ್ತೆ” ಎಂದಳು. ಅಷ್ಟೇ. ಕಾರ್ಡನ್ನು ನನಗೆ ವಾಪಸು ಕೊಟ್ಟು ಗ್ರೀಸಿಗೆ ಊಟ ಹಾಕಲು ಎದ್ದಳು. ನಾಲ್ಕು ತಿಂಗಳು ಅವಳು ಓದುತ್ತಿದ್ದದ್ದು ಚೀಟಿಯ ಹಿಂಬದಿಯನ್ನು ಎಂದು ನನಗೆ ತಿಳಿದಿರಲಿಲ್ಲ.

ಅದಾಗಿ ಹನ್ನೊಂದು ದಿನವಾಯಿತು. ಎಂದಿನಂತೆ ಕೆಲಸಕ್ಕೆ ಹೋಗುತ್ತಾಳೆ, ಬರುತ್ತಾಳೆ. ಅಕ್ಕನ ಬಟ್ಟೆಗಳನ್ನು ಒಂದೊಂದಾಗಿ ತೆಗೆದು ಇಸ್ತ್ರಿ ಮಾಡಿ ಇಡುತ್ತಿದ್ದಾಳೆ. ಬೀದಿಯಲ್ಲಿ ದೊಡ್ಡ ಗಾಡಿಯ ಸದ್ದಾದರೆ ಅವಳ ಕೈ ನಿಲ್ಲುತ್ತದೆ, ನಾಯಿಯ ಕಿವಿ ಏಳುತ್ತದೆ. ಸದ್ದು ದಾಟಿ ಹೋದ ಮೇಲೆ ಇಬ್ಬರೂ ಒಬ್ಬರನ್ನೊಬ್ಬರು ನೋಡುವುದಿಲ್ಲ.

ಈಗ ನನ್ನ ಬೇಡಿಕೆ. ನಾನು ಸಹಿ ಹಾಕಿದರೆ ನಾಯಿ ಉಳಿಯುತ್ತದೆ. ಆದರೆ ಆ ನಮೂನೆಯಲ್ಲಿ ಅಕ್ಕನ ಹೆಸರಿನ ಮುಂದೆ ‘ಹಿಂದಿನ ಮಾಲೀಕರು’ ಎಂದು ಅಚ್ಚಾಗಿದೆ. ಅದರ ಕೆಳಗೆ ನನ್ನ ಹೆಸರು ಬರೆದರೆ ಅಕ್ಕ ‘ಹಿಂದಿನವಳು’ ಎಂದು ಒಪ್ಪಿಕೊಂಡ ಮೊದಲಿಗ ನಾನಾಗುತ್ತೇನೆ. ಹಾಕದಿದ್ದರೆ ಮಂಗಳವಾರ ವ್ಯಾನು ಬರುತ್ತದೆ. ದೊಡ್ಡಿಯಲ್ಲಿ ಏಳು ದಿನ ಇಟ್ಟುಕೊಂಡು ‘ಮುಂದಿನ ಕ್ರಮ’ ಕೈಗೊಳ್ಳುತ್ತೀರಿ ಎಂದು ಬರೆದಿದೆ. ನರೆತ ಮೂತಿಯ, ಕಿವಿ ಸೋರುವ ನಾಯಿಗೆ ಆ ಮುಂದಿನ ಕ್ರಮ ಏನೆಂದು ನಮಗೆ ವಿವರಿಸಬೇಕಾಗಿಲ್ಲ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಆ ನಮೂನೆಯಲ್ಲೇ ಏಳನೆಯ ಅಂಕಣ ಒಂದಿದೆ: ‘ಮಾಲೀಕತ್ವ ಕೊನೆಗೊಂಡ ಕಾರಣ. ಕಚೇರಿಯ ಬಳಕೆಗೆ ಮಾತ್ರ.’ ಅದು ಖಾಲಿ ಇದೆ. ನನ್ನದರಲ್ಲಿ, ಗಿಳಿಯ ಹೆಂಗಸಿನದರಲ್ಲಿ, ಬೆಕ್ಕಿನ ಮುದುಕರದರಲ್ಲಿ, ಮೂರರಲ್ಲೂ ಖಾಲಿ.

ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ಅಮ್ಮ, ನಾನು, ನಾಯಿ ಮೂರನೇ ಕಿಟಕಿಯ ಮುಂದೆ ಇರುತ್ತೇವೆ. ನೀಲಿ ಹಾಳೆ ಬಂದಿರುವ ಉಳಿದವರೂ ಬನ್ನಿ ಎಂದು ಈ ಮೂಲಕ ಕರೆಯುತ್ತಿದ್ದೇನೆ. ಮಾನ್ಯರೇ, ಗುಮಾಸ್ತರನ್ನು ಮುಂದೆ ತಳ್ಳಬೇಡಿ, ಅವರಿಗೂ ಮನೆಯಿದೆ. ತಾವೇ ಬನ್ನಿ. ಏಳನೆಯ ಅಂಕಣವನ್ನು ಅಮ್ಮನ ಎದುರು ತಮ್ಮ ಕೈಯಾರೆ ತುಂಬಿ, ಬರೆದದ್ದನ್ನು ಗಟ್ಟಿಯಾಗಿ ಓದಿ ಹೇಳಿ. ಬರೆಯಲು ಕಾರಣವಿಲ್ಲದಿದ್ದರೆ ಹಾಳೆಯನ್ನು ಹರಿದುಹಾಕಿ, ಅಕ್ಕನ ಸಹಿ ತರಿಸಿಕೊಡಿ. ಎರಡರಲ್ಲಿ ಒಂದು.

ಈ ಪತ್ರವನ್ನು ಪತ್ರಿಕೆಗೆ ಕೊಡುವ ಮೊದಲು ಅಮ್ಮನಿಗೆ ಪೂರ್ತಿ ಓದಿ ಹೇಳಿದೆ. ಇಸ್ತ್ರಿ ಪೆಟ್ಟಿಗೆಯನ್ನು ಪಕ್ಕಕ್ಕೆ ಇಟ್ಟು ಕೇಳಿದಳು. ಕೊನೆಯ ಸಾಲಿಗೆ ಬಂದಾಗ ನಾನು ಹಾಳೆಯನ್ನು ಮುಖಕ್ಕೆ ಅಡ್ಡ ಹಿಡಿದೆ.

“ಈಗಲೇ ಅಳ್ಬೇಡ” ಎಂದಳು. “ಅವರು ಬಾಯಿಬಿಟ್ಟು ಹೇಳ್ಲಿ. ಅಲ್ಲೀವರೆಗೂ ಅವಳು ನನ್ನ ಮಗಳು, ಕೆಲಸಕ್ಕೆ ಹೋಗಿದಾಳೆ.”

ಇಂತಿ,
ಸಹಿ ಹಾಕಲು ಒಲ್ಲದವನು,
ತಮ್ಮ ದಾಖಲೆಯಲ್ಲಿ ಮಂಗಳವಾರದವರೆಗೆ ಮಾತ್ರ ಒಂದು ಕರಿ ನಾಯಿಯ ತಾತ್ಕಾಲಿಕ ಪಾಲಕ