ಕಿಟಕಿಯ ಪಕ್ಕದ ಡಬ್ಬಿ

ನಾಗಮ್ಮತ್ತೆ,

ಸಾರಿ. ಹೋದವರಿಗೆ ಕಾಗದ ಬರೆಯಬಾರದೇನೋ. ಅದೂ ಪೆನ್ನಿನಲ್ಲಿ. ನೀನು ಇದ್ದಿದ್ದರೂ, ಕಣ್ಣು ಕಾಣದ ನಿನಗೆ ಇದನ್ನು ಯಾರಾದರೂ ಓದಿ ಹೇಳಬೇಕಿತ್ತು.

ಶಿಕಾರಿಪುರದ ಕಾಲೇಜಿನಲ್ಲಿ ಫಸ್ಟ್ ಇಯರ್ ಪ್ರಾಜೆಕ್ಟಿಗೆ ಸೋಪಿನ ಡಬ್ಬಿಯಷ್ಟು ದೊಡ್ಡ ಮಿಷನ್ ಮಾಡಿದ್ದೇನೆ. ಬ್ರೈಲ್ ಚುಕ್ಕಿಗಳ ಮೇಲೆ ಹಿಡಿದರೆ ಸ್ಕ್ರೀನಿನಲ್ಲಿ ಕನ್ನಡ ಅಕ್ಷರ ಬರುತ್ತದೆ. ಭಾನುವಾರ ಅದನ್ನು ಬ್ಯಾಗಿಗೆ ಹಾಕಿಕೊಂಡು, ಸೊರಬದಲ್ಲಿ ಬಸ್ ಬದಲಾಯಿಸಿ, ಕುಪ್ಪಗಡ್ಡೆಗೆ ಹೋದೆ. ಅಡುಗೆಮನೆಯ ಡಬ್ಬಿಗಳಿಗೆ ನೀನು ಅಂಟಿಸಿದ ಚುಕ್ಕಿ ಚೀಟಿಗಳು ಹಾಗೇ ಇವೆ.

"ಬಾ ಮಾರಾಯ್ತಿ. ನಿನ್ನತ್ತೆ ಹೋದ್ಮೇಲೆ ಕಣ್ಣಿರೋ ನಾನೇ ಚಾಗೆ ಉಪ್ಪು ಹಾಕ್ಕೊಂಡು ಕುಡೀತಿದೀನಿ," ಎಂದರು ಚನ್ನೇಶ್ ಮಾವ.

ಮಿಷನ್ ತೆಗೆದು ಚೀಟಿಗಳ ಮೇಲೆ ಹಿಡಿಯುತ್ತಾ ಹೋದೆ. ಮೆಂತ್ಯ ಬಂತು, ಸಾಸಿವೆ ಬಂತು, ಉಪ್ಪೂ ಬಂತು. ಮಾವ ಒಂದೊಂದೇ ಮುಚ್ಚಳ ತೆಗೆದು ನೋಡಿ, "ಹೌದಲ್ಲೇ!" ಎನ್ನುತ್ತಿದ್ದರು. ಕಿಟಕಿಯ ಪಕ್ಕದ ಸ್ಟೀಲ್ ಡಬ್ಬಿಗೆ ಮಾತ್ರ ಸ್ಕ್ರೀನ್ ಖಾಲಿ. ಮತ್ತೆ ಮತ್ತೆ ಹಿಡಿದೆ. ನಾನು ಬರೆದ ಪ್ರೋಗ್ರಾಮಿನಲ್ಲೇ ಮಿಸ್ಟೇಕ್ ಇದೆ ಅಂತ ಗಾಬರಿಯಾಯಿತು. ಬೆರಳಿಟ್ಟು ನೋಡಿದರೆ ಚುಕ್ಕಿಗಳೇ ಸವೆದು ನುಣ್ಣಗಾಗಿದ್ದವು.

"ಅದನ್ನ ದಿನಾ ಸವರೋಳು," ಎಂದರು ಮಾವ. "ಒಳಗೇನಿಲ್ಲ. 'ಹಾಸ್ಟೆಲಿಂದ ಹುಡುಗಿ ಬರ್ಲಿ, ಆಮೇಲೆ ಕೋಡುಬಳೆ ಕರಿದು ತುಂಬ್ತೀನಿ' ಅಂತಿದ್ಲು."

ಹೋದ ರಜಕ್ಕೂ ನಾನು ಹಾಸ್ಟೆಲಿನಲ್ಲೇ ಇದ್ದೆ.

ಆ ಚೀಟಿಯಲ್ಲಿ ಏನು ಬರೆದಿದ್ದೆ ಅತ್ತೆ, ಕೋಡುಬಳೆ ಅಂತಲೋ, ನನ್ನ ಹೆಸರೋ? ಬೇಗ ಉತ್ತರ ಬರಿ.

ಧನ್ಯಾ