ಸುಂದರವ್ವನ ಹಗ್ಗ

ಹುಬ್ಬಳ್ಳಿ
ಬಿಸಿಲುತಿಂಗಳ ಎಪ್ಪತ್ತೆರಡನೆಯ ದಿನ, 2193

ವಿಜಯಮಾಲಾ ಆಯಿಗೆ ನೀಲಗಂಗಾ ಬಡಿಗೇರ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖು ನೋಡಿ ಬರೆದವಳಿಗೆ ತಲೆ ಕೆಟ್ಟಿದೆ ಎಂದುಕೊಳ್ಳಬೇಡಿ. ನಿಮ್ಮ ಮಾರ್ಚಿನಿಂದ ಜೂನಿನವರೆಗಿನ ನಾಲ್ಕು ತಿಂಗಳನ್ನು ನಾವು ಒಂದೇ ಮಾಡಿಕೊಂಡಿದ್ದೇವೆ. ಬಿಸಿಲು ಒಂದೇ ಆದ ಮೇಲೆ ಹೆಸರು ನಾಲ್ಕು ಯಾಕೆ ಎಂದು ನಮ್ಮ ಹಿರಿಯರಿಗೆ ಅನಿಸಿರಬೇಕು. ನನ್ನ ಮಾತಿನಲ್ಲಿ ನಿಮಗೆ ಗೊತ್ತಿಲ್ಲದ ಶಬ್ದಗಳು ಬಂದರೆ ಹೊಟ್ಟೆಗೆ ಹಾಕಿಕೊಳ್ಳಿ, ಅಲ್ಲಲ್ಲೇ ಬಿಡಿಸಿ ಹೇಳುತ್ತೇನೆ. ಈ ಕಾಗದ ನಿಮಗೆ ಹೇಗೆ ಮುಟ್ಟುತ್ತದೆ ಎಂದು ಮಾತ್ರ ಕೇಳಬೇಡಿ. ಅಂಚೆ ಕಚೇರಿಯಲ್ಲಿ ಕೂತವರು ನೀವು, ಆ ಚಿಂತೆ ನಿಮ್ಮದು. ನೀವು ಇದನ್ನು ಓದುವಾಗ ನಿಮಗೆ ಮೂವತ್ತಾರು, ನನಗೆ ನಲವತ್ತೊಂದು. ಆದರೂ ನನ್ನ ಅಜ್ಜಿಯ ಅಜ್ಜಿಗೆ ನೀವು ಅಜ್ಜಿ. ಅದಕ್ಕೇ ಆಯಿ ಎಂದೆ.

ನಿಮ್ಮ ಕೆಲಸದ ಪಟ್ಟಿಗಳ ನೋಟ್‌ಬುಕ್ಕು ನನ್ನ ಕೈಗೆ ಬಂದಿದೆ. ಇನ್ನೂರ ಹದಿನಾಲ್ಕು ಪುಟ. ಅದರಲ್ಲಿ "ನಾಳೆ" ಎಂಬ ಶಬ್ದ ಮುನ್ನೂರ ತೊಂಬತ್ತೊಂದು ಸಲ ಬಂದಿದೆ, ನಾನು ಎಣಿಸಿದ್ದೇನೆ. ಮಿಕ್ಸಿ ಜಾರು, ನಾಳೆ. ಮಗನ ಶಾಲೆಯ ಫಾರ್ಮು, ನಾಳೆ. ಮೇಲಧಿಕಾರಿಗೆ ಕೊಡಬೇಕಾದ ವರದಿ, ನಾಳೆ, ಕೆಳಗೆ ಎರಡು ಗೆರೆ. ಓದುತ್ತ ಓದುತ್ತ ನನಗೆ ಹೊಟ್ಟೆ ಉರಿಯಿತು. ಮುನ್ನೂರ ತೊಂಬತ್ತೊಂದು ಕೆಲಸ ಮುಂದಕ್ಕೆ ಹಾಕಿದಿರಿ, ನೋಟ್‌ಬುಕ್ಕು ಮುಚ್ಚಿ ದಿಂಬಿನ ಕೆಳಗೆ ಇಟ್ಟಿರಿ, ಒಂದು ನರಪಿಳ್ಳೆಗೂ ಗೊತ್ತಾಗಲಿಲ್ಲ. ಎಂಥ ಪುಣ್ಯವಂತರು ನೀವು!

ನಮ್ಮಲ್ಲಿ ಬಾಕಿ ಉಳಿದ ಕೆಲಸವನ್ನು ಬಾಗಿಲಿಗೆ ತೂಗುಹಾಕುತ್ತೇವೆ. ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಇಲ್ಲಿ ಯಾರೂ ಹೊರಗೆ ಕಾಲಿಡುವುದಿಲ್ಲ. ಇದಕ್ಕೆ ಒಳತಾಸು ಎನ್ನುತ್ತೇವೆ, ನಾನು ಈಗ ಬರೆಯುತ್ತಿರುವುದೂ ಒಳತಾಸಿನಲ್ಲೇ. ಹೊರಗಿನ ಕೆಲಸಕ್ಕೆ ಸಿಗುವುದು ಬೆಳಿಗ್ಗೆ ಐದು ತಾಸು, ಸಂಜೆ ಮೂರು. ಅಷ್ಟರಲ್ಲಿ ಒಬ್ಬರು ತೊಟ್ಟಿ ತೊಳೆಯದೆ ಬಿಟ್ಟರೆ ಇಡೀ ಓಣಿಗೆ ಸೊಳ್ಳೆ, ಒಬ್ಬರು ಮಾಳಿಗೆಗೆ ಸುಣ್ಣ ಬಳಿಯದಿದ್ದರೆ ಪಕ್ಕದ ಗೋಡೆಗೂ ಕಾವು. ಹಾಗಾಗಿ ಹಿಂದೆ ಯಾವಾಗಲೋ ಓಣಿಯವರು ಸೇರಿ, ಪ್ರತಿ ಮನೆಯ ಬಾಗಿಲ ಪಕ್ಕ ಒಂದು ಹಗ್ಗ ಇಳಿಬಿಡಬೇಕು, ಮಾಡದೆ ಉಳಿದ ಒಂದೊಂದು ಕೆಲಸಕ್ಕೆ ಒಂದೊಂದು ಗಂಟು ಹಾಕಬೇಕು, ಮಾಡಿದ ಮೇಲೆ ಬಿಚ್ಚಬೇಕು ಎಂದು ಗೊತ್ತುಮಾಡಿದರು. ಇದು ಬಾಕಿ ಹಗ್ಗ. ಹದಿನೈದು ದಿನಕ್ಕೊಮ್ಮೆ ಬೆಳಿಗ್ಗೆ ಆರಕ್ಕೆ ಎಣಿಕೆ. ಮನೆಯವರು ಹಗ್ಗದ ಪಕ್ಕ ನಿಂತಿರಲೇಬೇಕು, ಇಲ್ಲದಿದ್ದರೆ ಆ ಮನೆ ಲೆಕ್ಕಕ್ಕಿಲ್ಲ. ಯಾರ ಹಗ್ಗದಲ್ಲಿ ಗಂಟು ಕಡಿಮೆಯೋ, ಮುಂದಿನ ಹದಿನೈದು ದಿನ ಓಣಿಯ ನೆರಳು ಮೊದಲು ಅವರ ಮನೆಯ ಮೇಲೆ ಬೀಳುತ್ತದೆ.

ನೆರಳು ಬೀಳುವುದೆಂದರೆ ನಾನು ಬೀಳಿಸುವುದು. ನಾನು ನೆರಳುಗಾರ್ತಿ. ಓಣಿಯ ಆ ಮಾಳಿಗೆಯಿಂದ ಈ ಮಾಳಿಗೆಗೆ ದಪ್ಪ ಬಟ್ಟೆಯ ಪರದೆ ಎಳೆದು ಕಟ್ಟುವವಳು. ಹದಿನಾಲ್ಕನೇ ವಯಸ್ಸಿಗೆ ಹರಿದ ಪರದೆಗೆ ತೇಪೆ ಹಾಕುತ್ತ ಶುರುಮಾಡಿದೆ, ಈಗ ಹನ್ನೊಂದು ಓಣಿ ನನ್ನವು. ಗಂಡ ಕಾರವಾರದಲ್ಲಿ ಕಡಲಗೋಡೆಯ ಕೆಲಸದಲ್ಲಿದ್ದಾನೆ, ತಿಂಗಳಿಗೊಮ್ಮೆ ಬರುತ್ತಾನೆ. ಮಗಳು ಕುಮುದಾ, ಒಂಬತ್ತು ವರ್ಷ. ಮನೆ, ಪರದೆಯ ಕೆಲಸ, ಮಗಳು ಎಲ್ಲವನ್ನೂ ಎಂಟು ತಾಸಿನಲ್ಲಿ ಕೂರಿಸುತ್ತೇನೆ ಎಂಬ ಜಂಬ ನನಗಿತ್ತು. ಆದರೆ ಕಳೆದ ಏಳು ಎಣಿಕೆಯಿಂದ ಪ್ರತಿದಿನ ಮೊದಲ ಪರದೆಯನ್ನು ನನ್ನ ಈ ಕೈಯಿಂದಲೇ ಎದುರುಮನೆಯ ಸುಂದರವ್ವನ ಮಾಳಿಗೆಯ ಮೇಲೆ ಎಳೆಯುತ್ತಿದ್ದೇನೆ. ಅವಳಿಗೆ ಬೀಜದ ಗೋದಾಮಿನಲ್ಲಿ ನೌಕರಿ, ಮಕ್ಕಳು ಇಬ್ಬರು, ಜೊತೆಗೆ ಮಾತು ಬಿದ್ದುಹೋದ ಮಾವ. ಆದರೂ ಅವಳ ಹಗ್ಗದಲ್ಲಿ ಮೂರೇ ಗಂಟು. ನಾನು ಪರದೆ ಬಿಗಿಯುವಾಗ ಕೆಳಗೆ ನಿಂತು, "ಸ್ವಲ್ಪ ಈ ಕಡೆ ಎಳಿ ನೀಲವ್ವಾ, ನಮ್ಮ ತುಳಸಿಗೆ ಬಿಸಲ ಹತ್ತೇತಿ" ಎನ್ನುತ್ತಾಳೆ. ಆಗ ನನಗೆ ಹತ್ತುವ ಬಿಸಿಲು ಬೇರೆ.

ಅವಳನ್ನು ಹಿಂದೆ ಹಾಕಲು ನಾನೊಂದು ಉಪಾಯ ಹುಡುಕಿದೆ. ಜರಡಿ ತೊಳೆಯುವುದಕ್ಕೂ ಒಂದೇ ಗಂಟು, ಇಡೀ ದಿನದ ಕೆಲಸಕ್ಕೂ ಒಂದೇ ಗಂಟು. ಹಗ್ಗಕ್ಕೆ ತೂಕ ಗೊತ್ತಿಲ್ಲ, ಸಂಖ್ಯೆ ಮಾತ್ರ ಗೊತ್ತು. ಹಾಗಾದರೆ ಸಣ್ಣವನ್ನೇ ಹಿಡಿ! ಗುಂಡಿ ಹೊಲಿ, ಚಿಲಕಕ್ಕೆ ಎಣ್ಣೆ ಹಾಕು, ಕತ್ತರಿ ಸಾಣೆಗೆ ಕೊಡು. ಒಂದು ಬೆಳಿಗ್ಗೆ ಒಂಬತ್ತು ಗಂಟು ಬಿಚ್ಚಿದ ದಾಖಲೆ ನನ್ನದು. ಬಿಚ್ಚಲು ಸಣ್ಣ ಗಂಟು ಸಾಲದಾದಾಗ, ಯಾರಿಗೂ ಬೇಡದ ಕೆಲಸ ಹುಡುಕಿ ಬೆಳಿಗ್ಗೆ ಗಂಟು ಹಾಕಿ ಸಂಜೆ ಬಿಚ್ಚಿದ್ದೂ ಉಂಟು. ದಿನವಿಡೀ ಬೆವರು, ಸಂಜೆಗೆ ಎದೆ ತುಂಬ ಸಮಾಧಾನ. ಮೈಗಳ್ಳತನಕ್ಕೆ ಇಷ್ಟು ಮೈಮುರಿದು ದುಡಿದವರು ನಿಮ್ಮ ಕಾಲದಲ್ಲೂ ಇದ್ದರೇನೋ, ನನಗೆ ತಿಳಿಯದು.

ಹಗ್ಗದ ತುದಿಯಲ್ಲಿ ಒಂದು ಗಂಟು ಮಾತ್ರ ಆರು ತಿಂಗಳು ಹಾಗೇ ಉಳಿಯಿತು. ಒಂದು ದಿನ ಕುಮುದಾ ರೊಟ್ಟಿ ಮುರಿಯುತ್ತ, "ಅವ್ವಾ, ಎಡಗಡೆ ಮಂದಿ ಯಾಕ ಮಾತಾಡೂದಿಲ್ಲ?" ಎಂದು ಕೇಳಿದ್ದಳು. ನನಗೆ ಮೊದಲು ನಗು ಬಂತು, ಆಮೇಲೆ ಅರ್ಥವಾಯಿತು. ಕಿವಿ ತೋರಿಸಬೇಕು. ಕಿವಿಯ ಡಾಕ್ಟರು ಇರುವುದು ಧಾರವಾಡದಲ್ಲಿ, ಹೋದರೆ ಒಳತಾಸು ಅಲ್ಲೇ ಕಳೆದು ಸಂಜೆಯ ಟ್ರಾಮಿಗೆ ಬರಬೇಕು. ಇಡೀ ದಿನಕ್ಕೆ ಒಂದೇ ಗಂಟು. ತಕ್ಷಣ ಎದ್ದುಹೋಗಿ ಹಗ್ಗಕ್ಕೆ ಗಂಟು ಹಾಕಿದೆ. ಹಾಕಿದ ಕೂಡಲೇ ಅರ್ಧ ಕೆಲಸ ಆದಷ್ಟು ಹಗುರವಾಯಿತು. ಅದೇ ಮೋಸ, ಆಯಿ. ಬರೆದಿಟ್ಟ ಕೂಡಲೇ ಮಾಡಿದ ಹಾಗೆ ಅನಿಸುತ್ತದಲ್ಲ, ಅದು.

ಈ ಸಲದ ಎಣಿಕೆಗೆ ಒಂಬತ್ತು ದಿನ ಇದ್ದಾಗ ಸುಂದರವ್ವ ಬಾಗಿಲಿಗೆ ಬಂದಳು. "ನಿನ್ನ ಮಗಳನ್ನ ಎಡಗಡೆ ನಿಂತು ಮೂರು ಸಲ ಕರದ್ನಿ, ತಿರುಗಿ ನೋಡ್ಲಿಲ್ಲ. ನಾಳೆ ಗೋದಾಮಿನ ಕೆಲಸಕ್ಕ ಧಾರವಾಡಕ್ಕ ಹೊಂಟೇನಿ. ಕರಕೊಂಡ ಹೋಗ್ಲೇನು?" ಎಂದಳು. ನಾನು ಏನು ಯೋಚಿಸಿದೆ ಎಂದು ಇದ್ದದ್ದು ಇದ್ದಹಾಗೆ ಬರೆಯುತ್ತೇನೆ. ನನ್ನ ಒಂದು ತಾಸೂ ಹೋಗದೆ ಒಂದು ಗಂಟು ಬಿಚ್ಚುತ್ತದೆ, ಅದೂ ಅವಳ ಕೈಯಿಂದ ಎಂದು ಯೋಚಿಸಿದೆ. ಕಳಿಸಿದೆ. ಆ ದಿನ ಏಳು ಸಣ್ಣ ಕೆಲಸ ಮುಗಿಸಿದೆ.

ಸಂಜೆ ಮಗಳು ಟ್ರಾಮಿನಿಂದ ಕುಣಿಯುತ್ತ ಇಳಿದಳು. ಕಿವಿಯೊಳಗೆ ಕಟ್ಟಿಕೊಂಡಿದ್ದ ನೀರನ್ನು ಡಾಕ್ಟರು ತೆಗೆದಿದ್ದರು. "ಅವ್ವಾ, ಎಡಗಡೆ ಮೊದಲ ಮಾತಾಡಿದಾಕಿ ಸುಂದ್ರವ್ವ ಚಿಗವ್ವ! 'ಹಸಿವಿ ಆಗೇತೇನವಾ' ಅಂದ್ಲು. ಎಷ್ಟ ಹತ್ತಿರ ಕೇಳಿಸ್ತು ಅಂತಿ!" ಎಂದಳು. ನಾನು ನಕ್ಕೆ. ಒಳಗೆ ಹೋಗಿ ನೀರಿನ ಹಂಡೆಯ ಹಿಂದೆ ನಿಂತು ಸೆರಗು ಕಚ್ಚಿಕೊಂಡೆ. ನೆರಳು ಬೇಕಾದರೆ ಏಳು ವರ್ಷ ಅವಳ ಮನೆಯ ಮೇಲೇ ಬೀಳಲಿ, ಆಯಿ. ಆ ಮೊದಲ ಮಾತು ನನ್ನದಾಗಬೇಕಿತ್ತು. ಅದನ್ನು ಯಾವ ಡಾಕ್ಟರೂ ವಾಪಸು ಕೊಡಲಾರರು.

ಸುಂದರವ್ವ ಹೊರಗೇ ನಿಂತಿದ್ದಳು. "ಆ ಗಂಟು ಇನ್ನೂ ಬಿಚ್ಚಬ್ಯಾಡ. ಎಡಗಿವಿ ಆರು ತಿಂಗಳ ತಡಾ ಆಗೇತಂತ, ಪೂರಾ ಬರೂದಿಲ್ಲ ಅಂದ್ರು. ಬಲಗಿವ್ಯಾಗೂ ನೀರು ಕಟ್ಟಾಕ ಹತ್ತೇತಿ. ಮುಂದಿನ ವಾರ ಹೋಗ್ಲೇಬೇಕು. ಎಪ್ಪತ್ತಮೂರನೇ ದಿನ, ಬೆಳಿಗ್ಗೆ. ತಪ್ಪಿದ್ರ ಅದೂ ಎಡಗಿವಿ ಹಾದಿ ಹಿಡೀತೇತಿ" ಎಂದಳು. ಉರಿಯುತ್ತಲೇ ಕೇಳಿಬಿಟ್ಟೆ, ನಿನ್ನ ಹಗ್ಗ ಹೇಗೆ ಯಾವಾಗಲೂ ಬೋಳು ಎಂದು. ಅವಳಿಗೆ ಆಶ್ಚರ್ಯವಾಯಿತು. "ಹಗ್ಗ ಯಾರು ನೋಡ್ತಾರ ನೀಲವ್ವಾ? ಎದ್ದ ಕೂಡ್ಲೇ ಯಾವ ಕೆಲಸ ನೆನಸಿದ್ರ ಹೊಟ್ಯಾಗ ಕಸಿವಿಸಿ ಆಗ್ತೇತಿ, ಅದನ್ನ ತಂಪ ಹೊತ್ನ್ಯಾಗ ಮುಗಸ್ತೀನಿ. ಆಮ್ಯಾಲೆ ಉಳಿದದ್ದು ಆದ್ರ ಆತು. ಅರ್ಧಾ ಕೆಲಸಕ್ಕ ನಾ ಗಂಟ ಹಾಕೂದಿಲ್ಲ, ಮಾಡದಿದ್ರ ಯಾರೇನ ಸಾಯ್ತಾರ?" ಎಂದಳು. ಏಳು ಎಣಿಕೆ ನಾನು ಯಾರ ಜೊತೆ ಪೈಪೋಟಿಗೆ ಬಿದ್ದಿದ್ದೆನೋ, ಅವಳಿಗೆ ಪೈಪೋಟಿ ನಡೆದಿದೆ ಎಂಬುದೇ ಗೊತ್ತಿರಲಿಲ್ಲ. ಇದಕ್ಕಿಂತ ದೊಡ್ಡ ಹೊಟ್ಟೆಕಿಚ್ಚು ಯಾವುದಿದೆ ಹೇಳಿ.

ನಾಳೆ ಎಪ್ಪತ್ತಮೂರನೆಯ ದಿನ. ಎಣಿಕೆಯೂ ನಾಳೆಯೇ. ಇವತ್ತಿನ ಲೆಕ್ಕ ಹೀಗಿದೆ: ಸುಂದರವ್ವನ ಹಗ್ಗದಲ್ಲಿ ಮೂರು, ನನ್ನದರಲ್ಲಿ ಎರಡು. ಬೆಳಿಗ್ಗೆ ಆರಕ್ಕೆ ಬಾಗಿಲಲ್ಲಿ ನಿಂತರೆ ಮೊದಲ ನೆರಳು ನನ್ನದು. ಧಾರವಾಡದ ಟ್ರಾಮು ಐದೂವರೆಗೆ. ಬೆಳಿಗ್ಗೆ ಸುಂದರವ್ವ ತಾನಾಗಿಯೇ, "ನೀ ಎಣಿಕಿಗೆ ನಿಲ್ಲು, ನಾ ಮತ್ತ ಕರಕೊಂಡ ಹೋಗಿ ಬರ್ತೇನಿ. ಪಾಪ, ಎಷ್ಟ ದುಡದಿ" ಎಂದಳು. ಸುಳ್ಳು ಯಾಕೆ ಹೇಳಲಿ, ಒಂದು ಗಳಿಗೆ ನಾಲಿಗೆ ತುದಿಯವರೆಗೆ "ಹೂಂ" ಬಂದಿತ್ತು.

ಒಲ್ಲೆ ಎಂದೆ. ನಾನೇ ಹೋಗುತ್ತೇನೆ. ಹನ್ನೊಂದು ಓಣಿಗೆ ಪರದೆ ಎಳೆಯಲು ಆಳುಗಳಿಗೆ ಹೇಳಿದ್ದೇನೆ, ಸೊಟ್ಟಗೆ ಕಟ್ಟುತ್ತಾರೆ, ಕಟ್ಟಲಿ.

ಆಯಿ, ನಿಮ್ಮ ನೋಟ್‌ಬುಕ್ಕಿನಲ್ಲೂ ಯಾವುದೋ ಒಂದು ಸಾಲು ಪುಟದಿಂದ ಪುಟಕ್ಕೆ ದಾಟುತ್ತ ಬಂದಿರುತ್ತದೆ. ಯಾವುದೆಂದು ನಾನು ಹೇಳುವುದಿಲ್ಲ, ನೆನೆಸಿದರೆ ಹೊಟ್ಟೆಯಲ್ಲಿ ಕಸಿವಿಸಿಯಾಗುವುದು ಯಾವುದೆಂದು ನಿಮಗೇ ಗೊತ್ತು. ನಾಳೆ ಎದ್ದ ಕೂಡಲೇ ಅದೊಂದನ್ನು ಮಾಡಿ. ಮಿಕ್ಸಿ ಜಾರು ಇನ್ನೊಂದು ವರ್ಷ ಸೋರಲಿ. ಕುಕ್ಕರಿಗೆ ಅಕ್ಕಿ ಹಾಕಿದ ಮೇಲೆ, ಬಟ್ಟೆ ಮಡಚಿದ ಮೇಲೆ, ಆ ವರದಿ ಕಳಿಸಿದ ಮೇಲೆ ಎಂದು ಕೂತರೆ, ನಿಮಗೆ ಸಲ್ಲಬೇಕಾದದ್ದು ಎದುರುಮನೆಗೆ ಸಲ್ಲುತ್ತದೆ. ಅವರು ಒಳ್ಳೆಯವರೇ ಆಗಿರುತ್ತಾರೆ. ಅದೇ ಸಂಕಟ, ಬಯ್ಯಲೂ ಬರುವುದಿಲ್ಲ.

ಇನ್ನು ಮುಗಿಸುತ್ತೇನೆ. ಸುಂದ್ರವ್ವ ಚಿಗವ್ವನೂ ಬರಬೇಕು ಎಂದು ಕುಮುದಾ ಹಟ ಹಿಡಿದಿದ್ದಾಳೆ, ಸುಂದರವ್ವನೂ ಒಂದು ದಿನದ ರಜೆ ಹಾಕಿದ್ದಾಳೆ. ಬರಲಿ. ಆದರೆ ಡಾಕ್ಟರ ಕೋಣೆಯೊಳಗೆ ನಾನೊಬ್ಬಳೇ ಹೋಗುವವಳು ಎಂದು ಈಗಲೇ ಹೇಳಿಬಿಟ್ಟಿದ್ದೇನೆ. ಬಲಗಿವಿ ತೆರೆದ ಕೂಡಲೇ ಏನು ಹೇಳಬೇಕೆಂದು ಮಧ್ಯಾಹ್ನದಿಂದ ಯೋಚಿಸುತ್ತಿದ್ದೇನೆ. "ಹಸಿವಿ ಆಗೇತೇನವಾ" ಎನ್ನುವುದಕ್ಕಿಂತ ಒಳ್ಳೆಯ ಮಾತು ಇನ್ನೂ ಸಿಕ್ಕಿಲ್ಲ.

ನಿಮ್ಮ
ನೀಲಗಂಗಾ