ಅಜ್ಜನಿಗೆ ಉಳಿದ ಭಾಷೆ

ಮಾರ್ಚ್ 14, ಗುರುವಾರ

ವೃದ್ಧಾಶ್ರಮದ ಮೇಲ್ವಿಚಾರಕಿ ಡಾರ್ಲಾಳ ಮಾತು ಇನ್ನೂ ಕಿವಿಯಲ್ಲಿದೆ. "ಕೆಲಸದ ಹೊತ್ತಲ್ಲಿ ಇಂಗ್ಲಿಷ್ ಮಾತ್ರ, ಒತಿಲಿಯಾ. ಸ್ಪ್ಯಾನಿಷ್‌ನಲ್ಲಿ ನೀವೆಲ್ಲ ಏನಂತೀರೋ ನಮಗೇನು ಗೊತ್ತು?"

ಇಲ್ಲಿ ನಾನು ನೋಡಿಕೊಳ್ಳುವ ರೆಫುಹಿಯೊ ಅಜ್ಜನಿಗೆ ಮರೆವಿನ ಕಾಯಿಲೆ. ಟೆಕ್ಸಸ್‌ನಲ್ಲಿ ಐವತ್ತು ವರ್ಷ ಆಡಿದ ಇಂಗ್ಲಿಷ್ ಪೂರ್ತಿ ಅಳಿಸಿಹೋಗಿ, ತಾಯಿ ಕಲಿಸಿದ ಸ್ಪ್ಯಾನಿಷ್ ಒಂದೇ ಉಳಿದಿದೆ. ಇವತ್ತು ಮಧ್ಯಾಹ್ನ ಡಾರ್ಲಾ ಇಂಗ್ಲಿಷ್‌ನಲ್ಲಿ ಎಷ್ಟು ಗದರಿದರೂ ಅವರು ಮಾತ್ರೆಗೆ ಬಾಯಿ ತೆರೆಯಲಿಲ್ಲ. ಹೆದರಿ ಗೋಡೆಗೆ ಅಂಟಿಕೊಂಡರು. ನಾನು ಅವಳೆದುರೇ ಹಾಸಿಗೆಯ ಮೇಲೆ ಕೂತು ಸ್ಪ್ಯಾನಿಷ್‌ನಲ್ಲಿ, "ಅಜ್ಜ, ಮೊದ್ಲು ಇದನ್ನ ನುಂಗಿ, ಆಮೇಲೆ ಜಗಳ ಆಡೋಣ" ಅಂದೆ. ನಕ್ಕರು, ನುಂಗಿದರು.

"ನಿನ್ನ ಮೇಲೆ ದೂರು ಬರೀತೀನಿ," ಎಂದಳು ಡಾರ್ಲಾ.

"ಬರೀರಿ. ಅಜ್ಜ ಮಾತ್ರೆ ನುಂಗಿದ್ರು ಅಂತಾನೂ ಬರೀರಿ."

ಕೆಲಸ ಹೋದರೆ ಹೋಗಲಿ, ನಾಳೆಯೂ ಅವರನ್ನು ಸ್ಪ್ಯಾನಿಷ್‌ನಲ್ಲೇ ಎಬ್ಬಿಸುತ್ತೇನೆ.